ಹೊಸ ಮಂಡಿಯನ್ನು ಬಗ್ಗಿಸುವವರು ಯಾರು?

ನಮ್ಮ ಮಂಡಿ ಎಷ್ಟು ಡಿಗ್ರಿ ಬಗ್ಗಬೇಕು? ಗಣಿತದ ಪೆಟ್ಟಿಗೆಯಲ್ಲಿ ಕೋನಮಾಪಕ ಇಟ್ಟುಕೊಂಡು ದಿನವೂ ಶಾಲೆಗೆ ಬರುವ ವಿದ್ಯಾರ್ಥಿಗಳು ಕೂಡ ಈ ಪ್ರಶ್ನೆಯನ್ನು ಕೇಳಿಕೊಂಡಿರಲಾರರು. ಕಾಲನ್ನು ನೇರವಾಗಿ ಚಾಚಿದಾಗ ಮಂಡಿಯ ಬಾಗು 0 ಡಿಗ್ರಿ ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ನಡೆಯುವಾಗ, ಹಿಂದಿನ ಕಾಲನ್ನು ಎತ್ತಿ ಮುಂದಕ್ಕೆ ಬೀಸುವ ಗಳಿಗೆಯಲ್ಲಿ ಮಂಡಿ ಸುಮಾರು 60 ಡಿಗ್ರಿ ಬಗ್ಗುತ್ತದೆ. ಮೆಟ್ಟಿಲು ಹತ್ತಿ ಇಳಿಯಲು 80ರಿಂದ 100 ಡಿಗ್ರಿ ಬೇಕು. ಕುರ್ಚಿಯಿಂದ ಏಳಲು 90ಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಇನ್ನು ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುವುದಕ್ಕೆ, ರಂಗೋಲಿ ಇಡಲು ಕುಕ್ಕರುಗಾಲಿನಲ್ಲಿ ಕೂರುವುದಕ್ಕೆ 110, 120 ಡಿಗ್ರಿಯನ್ನೂ ದಾಟಬೇಕಾಗುತ್ತದೆ.

ಈ ಲೆಕ್ಕ ಈಗ ಅನೇಕ ಮನೆಗಳಲ್ಲಿ ಪುಸ್ತಕದ ಲೆಕ್ಕವಾಗಿ ಉಳಿದಿಲ್ಲ. ಅಜ್ಜಿಗೋ ತಾತನಿಗೋ ಮಂಡಿ ಸವೆದು, ವರ್ಷಗಟ್ಟಲೆ ಎಣ್ಣೆ, ಮುಲಾಮು, ಮಾತ್ರೆಗಳಲ್ಲಿ ದಿನ ದೂಡಿ, ಕೊನೆಗೆ 'ಮಂಡಿ ಬದಲಿ' ಶಸ್ತ್ರಚಿಕಿತ್ಸೆಗೆ ಮನೆಯವರು ಒಪ್ಪುತ್ತಾರೆ. ಹಣ ಹೊಂದಿಸುವುದೇ ದೊಡ್ಡ ಕಷ್ಟ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಕೃತಕ ಮಂಡಿಗಳ ಬೆಲೆಗೆ ಮಿತಿ ಹಾಕಿ, ಹೆಚ್ಚಾಗಿ ಬಳಕೆಯಲ್ಲಿರುವ ಕೊಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆ ತೆರಿಗೆ ಬಿಟ್ಟು 54,720 ರೂಪಾಯಿ ಮೀರಬಾರದೆಂದು ಗೊತ್ತುಪಡಿಸಿತು. ಅಲ್ಲಿಯವರೆಗೆ ಅದಕ್ಕೆ ಒಂದೂವರೆ ಲಕ್ಷ ರೂಪಾಯಿಯಷ್ಟು ತೆರಬೇಕಾಗಿತ್ತು. ಬೆಲೆ ಇಳಿದಿದ್ದು ಒಳ್ಳೆಯದೇ ಆಯಿತು. ಆದರೆ ಆಸ್ಪತ್ರೆಯ ಬಿಲ್ಲು ಕಟ್ಟಿ, ಅಜ್ಜಿಯನ್ನು ಮನೆಗೆ ಕರೆತಂದ ದಿನ ಎಲ್ಲ ಮುಗಿಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರಲ್ಲ, ಎಡವಟ್ಟಾಗುವುದು ಅಲ್ಲಿಯೇ. ಹೊಸ ಮಂಡಿ ಎಷ್ಟು ಬಗ್ಗುತ್ತದೆ, ಅಜ್ಜಿ ಕೋಲಿಲ್ಲದೆ ಗುಡಿಗೆ ಹೋಗಿಬರುತ್ತಾರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮುಂದಿನ ಮೂರು ತಿಂಗಳಲ್ಲಿ ತೀರ್ಮಾನವಾಗುತ್ತದೆ.

ಆ ಮೂರು ತಿಂಗಳಿಗೆ ನೆರವಾಗಲು ಈಗ ಹಲವು ಯಂತ್ರಗಳು ಬಂದಿವೆ. ಕಾಲನ್ನು ತಾನೇ ಬಗ್ಗಿಸುವ ಯಂತ್ರ, ಸ್ನಾಯುವಿಗೆ ವಿದ್ಯುತ್ ಹರಿಸುವ ಪೆಟ್ಟಿಗೆ, ಕೋನ ಅಳೆಯುವ ಸಂವೇದಕ, ಮೊಬೈಲ್ ಪರದೆಯಲ್ಲಿ ಕಾಣಿಸಿಕೊಳ್ಳುವ ಫಿಸಿಯೋಥೆರಪಿಸ್ಟ್. ಇವುಗಳಲ್ಲಿ ಯಾವುದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಈ ವಾರ ನೋಡೋಣ.

ಬದಲಾದದ್ದು ಏನು, ಉಳಿದದ್ದು ಏನು?

ಕೀಲು ಬದಲಿಸುವ ವಿದ್ಯೆ ಗಟ್ಟಿಯಾಗಿ ನೆಲೆಯೂರಿದ್ದು ಸೊಂಟದ ಕೀಲಿನಿಂದ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಎಂಬ ವೈದ್ಯರು ಮೊದಲು ಟೆಫ್ಲಾನ್ ಬಟ್ಟಲನ್ನು ಬಳಸಿ ನೋಡಿದರು. ನಮ್ಮ ಅಂಟದ ಬಾಣಲೆಗಳಿಗೆ ಬಳಿಯುತ್ತಾರಲ್ಲ, ಅದೇ ವಸ್ತು. ಘರ್ಷಣೆಯೇನೋ ಕಡಿಮೆ, ಆದರೆ ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. 1962ರ ನವೆಂಬರ್‌ನಲ್ಲಿ ಅವರು ಅತಿ ಭಾರದ ಅಣುಗಳುಳ್ಳ ಒಂದು ಬಗೆಯ ಪಾಲಿಥೀನ್ ಬಟ್ಟಲಿಗೆ ಬದಲಾಯಿಸಿದರು. ಅದು ಬಾಳಿಕೆ ಬಂತು. ಇಂದಿನ ಕೃತಕ ಮಂಡಿಯಲ್ಲೂ ಅದೇ ಜಾತಿಯ ಪ್ಲಾಸ್ಟಿಕ್ ಇದೆ. ತೊಡೆಮೂಳೆಯ ತುದಿಗೆ ಲೋಹದ ಕವಚ, ಕಣಕಾಲಿನ ಮೂಳೆಯ ತಲೆಗೆ ಲೋಹದ ತಟ್ಟೆ, ಇವೆರಡರ ನಡುವೆ ಪಾಲಿಥೀನ್ ಬಿಲ್ಲೆ.

ಅಂದರೆ ಶಸ್ತ್ರಚಿಕಿತ್ಸಕರು ಬದಲಿಸಿದ್ದು ಸವೆದ ಮೇಲ್ಮೈಗಳನ್ನು. ಮಂಡಿಯನ್ನು ಆಡಿಸುವ ಸ್ನಾಯುಗಳು, ಅವಕ್ಕೆ ಆಜ್ಞೆ ಕೊಡುವ ನರಗಳು, ಸುತ್ತಲಿನ ಚರ್ಮ, ಎಲ್ಲವೂ ಹಳೆಯವೇ. ತೊಡೆಯ ಮುಂಭಾಗದಲ್ಲಿ ಕ್ವಾಡ್ರಿಸೆಪ್ಸ್ ಎಂಬ ದೊಡ್ಡ ಸ್ನಾಯುಸಮೂಹವಿದೆ. ಬಾವಿಯ ರಾಟೆಯ ಮೇಲೆ ಹಗ್ಗ ಹಾಯುವಂತೆ, ಇದರ ತುದಿಯ ಕಂಡರ ಮಂಡಿಚಿಪ್ಪನ್ನು ಹಿಡಿದು ಕೆಳಗಿಳಿದು ಕಣಕಾಲಿನ ಮೂಳೆಗೆ ಅಂಟಿಕೊಂಡಿದೆ. ಕುರ್ಚಿಯಿಂದ ಎದ್ದು ನಿಲ್ಲುವುದು, ಮೆಟ್ಟಿಲ ಮೇಲೆ ಮೈಭಾರ ಎತ್ತುವುದು, ಇಳಿಯುವಾಗ ಮುಗ್ಗರಿಸದಂತೆ ತಡೆಯುವುದು, ಇವೆಲ್ಲ ಈ ಸ್ನಾಯುವಿನ ಕೆಲಸ.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ಅರಿವಳಿಕೆಯಲ್ಲಿ, ಹೊಸ ಮಂಡಿ ಸಲೀಸಾಗಿ ಬಗ್ಗುತ್ತದೆ. ಅದೇ ಮಂಡಿ ಮರುದಿನ ಬಗ್ಗಲು ಒಲ್ಲೆನೆನ್ನುತ್ತದೆ. ನೋವು, ಬಾವು, ಬಿಗಿತ ಎಲ್ಲವೂ ಸೇರಿಕೊಂಡಿರುತ್ತವೆ. ಒಳಗಿನ ಗಾಯ ಮಾಯುವಾಗ ಹುಟ್ಟುವ ಅಂಗಾಂಶ ಮೊದಮೊದಲು ಮೆದುವಾಗಿರುತ್ತದೆ, ವಾರಗಳು ಕಳೆದಂತೆ ಗಟ್ಟಿಯಾಗುತ್ತದೆ. ಹಸಿ ಮಣ್ಣನ್ನು ತಿದ್ದಿದಷ್ಟು ಸುಲಭವಾಗಿ ಒಣಗಿದ ಮಣ್ಣನ್ನು ತಿದ್ದಲಾಗದು. ಆದ್ದರಿಂದಲೇ ವೈದ್ಯರು ಶಸ್ತ್ರಚಿಕಿತ್ಸೆಯ ದಿನವೋ ಮರುದಿನವೋ ರೋಗಿಯನ್ನು ವಾಕರ್ ಹಿಡಿಸಿ ನಿಲ್ಲಿಸುತ್ತಾರೆ.

ಮೊಲಗಳಿಂದ ಬಂದ ಯಂತ್ರ

ಕೀಲಿಗೆ ಪೆಟ್ಟಾದರೆ ಅಲುಗಾಡಿಸದೆ ವಾರಗಟ್ಟಲೆ ಕಟ್ಟಿಹಾಕಬೇಕು ಎಂಬುದು ಬಹುಕಾಲ ವೈದ್ಯಶಾಸ್ತ್ರದ ನಂಬಿಕೆಯಾಗಿತ್ತು. ಕೆನಡಾದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯ ರಾಬರ್ಟ್ ಸಾಲ್ಟರ್ ಎಂಬ ಮೂಳೆತಜ್ಞರು ಇದನ್ನು ಪ್ರಶ್ನಿಸಿದರು. ಮೂಳೆಗಳ ತುದಿಯಲ್ಲಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಕೀಲು ಆಡಿದರೆ ತಾನೇ ದ್ರವ ಒಳಹೊಕ್ಕು ಹೊರಬರುವುದು? ಕಟ್ಟಿಹಾಕಿದ ಕೀಲಿನಲ್ಲಿ ಮೃದ್ವಸ್ಥಿ ಹಸಿದುಕೊಂಡೇ ಇರಬೇಕಾಗುತ್ತದೆ. 1970ರಿಂದ ಅವರು ಮೊಲಗಳ ಮೇಲೆ ಪ್ರಯೋಗ ನಡೆಸಿದರು. ಕೆಲವು ಮೊಲಗಳ ಕೀಲನ್ನು ಕಟ್ಟಿಹಾಕಿದರು, ಕೆಲವನ್ನು ಗೂಡಿನಲ್ಲಿ ಓಡಾಡಲು ಬಿಟ್ಟರು, ಇನ್ನು ಕೆಲವುಗಳ ಕಾಲನ್ನು ಒಂದು ಯಂತ್ರ ಬಿಡುವಿಲ್ಲದೆ ನಿಧಾನವಾಗಿ ಆಡಿಸುತ್ತಿತ್ತು. ಮೂರನೆಯ ಗುಂಪಿನ ಮೊಲಗಳಲ್ಲಿ ಮೃದ್ವಸ್ಥಿ ಎಲ್ಲಕ್ಕಿಂತ ಚೆನ್ನಾಗಿ ಮಾಯಿತು.

ಎಂಜಿನಿಯರ್ ಜಾನ್ ಸಾರಿಂಜರ್ ಅವರ ಜೊತೆಗೂಡಿ ಸಾಲ್ಟರ್ ಮನುಷ್ಯರಿಗೆ ಆಗುವಂಥ ಯಂತ್ರವನ್ನು ರೂಪಿಸಿದರು. ಇದಕ್ಕೆ ಸಿ.ಪಿ.ಎಂ. ಯಂತ್ರ ಎಂದು ಹೆಸರು. ಕಂಟಿನ್ಯುಯಸ್ ಪ್ಯಾಸಿವ್ ಮೋಷನ್, ಎಂದರೆ ನಿರಂತರ ನಿಷ್ಕ್ರಿಯ ಚಲನೆ. ಹಾಸಿಗೆಯ ಮೇಲೆ ತೊಟ್ಟಿಲಿನಂಥ ಚೌಕಟ್ಟು. ಅದರಲ್ಲಿ ಕಾಲಿಟ್ಟು ಮಲಗಿದರೆ ಮೋಟಾರು ಕಾಲನ್ನು ಮೆಲ್ಲಗೆ ಮಡಿಸುತ್ತದೆ, ಮೆಲ್ಲಗೆ ಚಾಚುತ್ತದೆ. ಇಂದು 40 ಡಿಗ್ರಿಗೆ ಇಟ್ಟರೆ ನಾಳೆ 50 ಡಿಗ್ರಿಗೆ ಏರಿಸಬಹುದು. ರೋಗಿ ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿದ್ದರೂ ಮಂಡಿ ಬಗ್ಗುತ್ತಲೇ ಇರುತ್ತದೆ. 1980ರ ದಶಕದಲ್ಲಿ ಈ ಯಂತ್ರ ಮಂಡಿ ಬದಲಿ ಮಾಡಿಸಿಕೊಂಡವರ ಹಾಸಿಗೆಗೂ ಬಂತು. ಬಾಡಿಗೆಗೂ ಸಿಗುವಂತಾಯಿತು.

ನೋಡಿದವರಿಗೆ ಇದು ಕೆಲಸ ಮಾಡಲೇಬೇಕು ಎನ್ನಿಸುತ್ತದೆ. ಮಂಡಿ ಬಿಗಿಯುತ್ತದೆ, ಯಂತ್ರ ಬಗ್ಗಿಸುತ್ತದೆ, ಇನ್ನೇನು ಬೇಕು? ಆದರೆ 'ಎನ್ನಿಸುತ್ತದೆ' ಎಂಬುದು ವಿಜ್ಞಾನದಲ್ಲಿ ಪುರಾವೆಯಾಗುವುದಿಲ್ಲ. ಒಂದು ಗುಂಪಿನ ರೋಗಿಗಳಿಗೆ ವ್ಯಾಯಾಮದ ಜೊತೆ ಯಂತ್ರ, ಇನ್ನೊಂದು ಗುಂಪಿಗೆ ಬರೀ ವ್ಯಾಯಾಮ, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದು, ಕೊನೆಗೆ ಎರಡನ್ನೂ ಅಳೆಯುವುದು. ಇದೇ ಸರಿಯಾದ ದಾರಿ. ಇಂಥ 24 ಪ್ರಯೋಗಗಳನ್ನು, 1,445 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2014ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿತು. ಯಂತ್ರ ಬಳಸಿದವರ ಮಂಡಿ ಸರಾಸರಿ ಎಷ್ಟು ಹೆಚ್ಚು ಬಗ್ಗಿತು ಗೊತ್ತೇ? ಕೇವಲ 2 ಡಿಗ್ರಿ.

2 ಡಿಗ್ರಿ ಎಂದರೆ ಎಷ್ಟು? ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷದಲ್ಲಿ 6 ಡಿಗ್ರಿ ತಿರುಗುತ್ತದೆ. ಅದರ ಮೂರನೆಯ ಒಂದು ಭಾಗ. ಕೈಯಲ್ಲಿ ಹಿಡಿದ ಕೋನಮಾಪಕದಿಂದ ಒಬ್ಬರೇ ಎರಡು ಸಲ ಅಳೆದರೂ ಸುಮಾರು 5 ಡಿಗ್ರಿಯವರೆಗೆ ವ್ಯತ್ಯಾಸ ಬರುವುದು ಸಹಜ. ಎಂದಮೇಲೆ ಯಂತ್ರದಿಂದ ಸಿಕ್ಕ ಲಾಭ ಅಳತೆಯ ದೋಷಕ್ಕಿಂತಲೂ ಚಿಕ್ಕದು. ಮೆಟ್ಟಿಲು ಹತ್ತುವವರಿಗೆ ಅದು ಗೊತ್ತೇ ಆಗದು. ಮಂಡಿ ತೀರಾ ಬಿಗಿದು, ಮತ್ತೆ ಅರಿವಳಿಕೆ ಕೊಟ್ಟು ಬಗ್ಗಿಸಬೇಕಾದ ಪ್ರಸಂಗಗಳು ಯಂತ್ರದಿಂದ ಕಡಿಮೆಯಾಗಬಹುದು ಎಂಬ ಸೂಚನೆಯೂ ಆ ಸಮೀಕ್ಷೆಯಲ್ಲಿದೆ. ಆದರೆ ಆ ಪುರಾವೆ ದುರ್ಬಲ ಎಂದು ಸಮೀಕ್ಷಕರೇ ಹೇಳಿದ್ದಾರೆ.

ಹಾಗಾದರೆ ಸಾಲ್ಟರ್ ಅವರ ಮೊಲಗಳು ಸುಳ್ಳು ಹೇಳಿದವೇ? ಇಲ್ಲ. ಮೊಲಗಳಲ್ಲಿ ಮಾಯಬೇಕಾಗಿದ್ದುದು ಮೃದ್ವಸ್ಥಿ. ಬದಲಿ ಮಂಡಿಯಲ್ಲಿ ಆ ಜಾಗದಲ್ಲಿರುವುದು ಲೋಹ ಮತ್ತು ಪ್ಲಾಸ್ಟಿಕ್. ಅವಕ್ಕೆ ಆಹಾರವೂ ಬೇಡ, ಮಾಯುವುದೂ ಬೇಡ. ಒಂದು ಪ್ರಶ್ನೆಗೆ ಸಿಕ್ಕ ಸರಿಯಾದ ಉತ್ತರವನ್ನು ಬೇರೊಂದು ಪ್ರಶ್ನೆಗೆ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆಯೆ?

ಸ್ನಾಯು ಏಕೆ ಮುಷ್ಕರ ಹೂಡುತ್ತದೆ?

ಯಂತ್ರ ಕಾಲನ್ನು ಬಗ್ಗಿಸುವಾಗ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ಕೆಲಸವೇ ಇರುವುದಿಲ್ಲ. ಎತ್ತಿನ ಗಾಡಿಯಲ್ಲಿ ಕುಳಿತು ಊರು ಸುತ್ತಿದವನ ಕಾಲಿಗೆ ಬಲ ಬಂದೀತೆ? ಆದರೆ ಶಸ್ತ್ರಚಿಕಿತ್ಸೆಯ ನಂತರ ಅತಿ ಹೆಚ್ಚು ಸೊರಗುವುದು ಈ ಸ್ನಾಯುವೇ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ರೋಗಿಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲು ಹಾಗೂ ಸುಮಾರು ಒಂದು ತಿಂಗಳ ನಂತರ ಪರೀಕ್ಷಿಸಲಾಯಿತು. ಸ್ನಾಯುವಿನ ಬಲ ಶೇಕಡಾ 62ರಷ್ಟು ಕುಸಿದಿತ್ತು. ಆದರೆ ಸ್ನಾಯುವಿನ ಗಾತ್ರ, ಎಂದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ, ಇಳಿದಿದ್ದುದು ಕೇವಲ ಶೇಕಡಾ 10ರಷ್ಟು.

ಗಾತ್ರ ಅಷ್ಟೇ ಇಳಿದು ಬಲ ಇಷ್ಟೊಂದು ಏಕೆ ಇಳಿಯಿತು? ತೋಟದ ಪಂಪು ಸರಿಯಾಗಿದೆ, ಆದರೆ ಅದಕ್ಕೆ ಕರೆಂಟು ಪೂರ್ತಿ ಬರುತ್ತಿಲ್ಲ ಎಂದಿಟ್ಟುಕೊಳ್ಳಿ. ಬಾತುಕೊಂಡ, ನೋಯುವ ಕೀಲಿನಿಂದ ಹೊರಡುವ ನರಸಂದೇಶಗಳು ಬೆನ್ನುಹುರಿಯ ಮಟ್ಟದಲ್ಲೇ ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಗ್ಗಿಸುತ್ತವೆ. ಪೆಟ್ಟಾದ ಕೀಲನ್ನು ಕಾಪಾಡಲು ದೇಹ ಮಾಡಿಕೊಂಡ ಏರ್ಪಾಡು ಇದು. ಹಾಗಾಗಿ 'ಕಾಲೆತ್ತಿ ಅಜ್ಜಿ' ಎಂದರೆ, ಅಜ್ಜಿ ಮನಸಾರೆ ಪ್ರಯತ್ನಿಸಿದರೂ ಕಾಲು ಏಳುವುದಿಲ್ಲ. ಇದನ್ನು ಸೋಮಾರಿತನ ಎಂದು ಮನೆಯವರು ಗದರುವುದುಂಟು. ದಯವಿಟ್ಟು ಗದರಬೇಡಿ. ಅಜ್ಜಿಯ ಆಜ್ಞೆ ದಾರಿಯಲ್ಲಿ ತಡೆದು ನಿಂತಿರುತ್ತದೆ.

ಇಲ್ಲಿ ನಮ್ಮ ನೆರವಿಗೆ ಬರುವುದು ಒಂದು ಕಪ್ಪೆ. ಇಟಲಿಯ ಬೊಲೋನಾ ನಗರದ ಲುಯಿಜಿ ಗ್ಯಾಲ್ವಾನಿ 1780ರ ದಶಕದಲ್ಲಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸ್ಪರ್ಶಕ್ಕೆ ಜಿಗಿಯುವುದನ್ನು ಕಂಡು, 1791ರಲ್ಲಿ ಅದನ್ನು ಪ್ರಕಟಿಸಿದ್ದನ್ನು ನೀವು ಪಾಠದಲ್ಲಿ ಓದಿರಬಹುದು. ಅದೇ ತತ್ತ್ವ ಇಂದು ಅಂಗೈಯಗಲದ ಪೆಟ್ಟಿಗೆಯಲ್ಲಿದೆ. ತೊಡೆಯ ಮೇಲೆ ಅಂಟುವ ಎರಡು ಪಟ್ಟಿಗಳ ಮೂಲಕ ಸಣ್ಣ ವಿದ್ಯುತ್ ಸ್ಪಂದನಗಳನ್ನು ಹರಿಸಿದರೆ ಸ್ನಾಯು ಸಂಕುಚಿಸುತ್ತದೆ. ಬೆನ್ನುಹುರಿಯ ತಡೆಯನ್ನು ಬಳಸುದಾರಿಯಲ್ಲಿ ದಾಟಿದಂತೆ. ಅಮೆರಿಕದ ಕೊಲರಾಡೊದಲ್ಲಿ 66 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಯಾದ 48 ಗಂಟೆಗಳಲ್ಲೇ ಆರಂಭಿಸಿ ಆರು ವಾರ, ದಿನಕ್ಕೆ ಎರಡು ಬಾರಿ ಈ ವಿಧಾನವನ್ನು ವ್ಯಾಯಾಮದ ಜೊತೆಗೆ ಬಳಸಲಾಯಿತು. ಬಳಸಿದವರ ಸ್ನಾಯುಬಲ ಬಳಸದವರಿಗಿಂತ ಬೇಗ ಮರಳಿತು. ಒಂದು ವರ್ಷದ ನಂತರ ಅಂತರ ಕಡಿಮೆಯಾಗಿದ್ದರೂ ಪೂರ್ತಿ ಅಳಿಸಿಹೋಗಿರಲಿಲ್ಲ.

ಎರಡು ಯಂತ್ರಗಳ ವ್ಯತ್ಯಾಸ ಗಮನಿಸಿ. ಮೊದಲನೆಯದು ಸ್ನಾಯುವಿನ ಕೆಲಸವನ್ನು ತಾನೇ ಮಾಡಿ ಮುಗಿಸುತ್ತದೆ. ಎರಡನೆಯದು ಸ್ನಾಯುವಿನಿಂದಲೇ ಕೆಲಸ ಮಾಡಿಸುತ್ತದೆ. ವಿದ್ಯಾರ್ಥಿಯ ಲೆಕ್ಕವನ್ನು ತಾನೇ ಬಿಡಿಸಿಕೊಡುವ ಟ್ಯೂಷನ್ ಮೇಷ್ಟರಿಗೂ, ಮೊದಲ ಸಾಲು ನೆನಪಿಸಿ ಮುಂದಿನದನ್ನು ಅವನಿಂದಲೇ ಬರೆಸುವ ಮೇಷ್ಟರಿಗೂ ಇರುವಷ್ಟೇ ವ್ಯತ್ಯಾಸ. ಹಾಗೆಂದು ಅಂಗಡಿಯಿಂದ ಪೆಟ್ಟಿಗೆ ತಂದು ನೀವೇ ಪ್ರಯೋಗಕ್ಕಿಳಿಯಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಇದು ಅಪಾಯ. ಫಿಸಿಯೋಥೆರಪಿಸ್ಟ್ ಹೇಳಿದರೆ, ಅವರು ತೋರಿಸಿದಂತೆ ಮಾತ್ರ ಬಳಸಬೇಕು.

ಮೊಬೈಲಿನೊಳಗಿನ ತೂಗುಗುಂಡು

ಮೂರನೆಯ ಬಗೆಯ ಸಾಧನ ಬಗ್ಗಿಸುವುದೂ ಇಲ್ಲ, ಕುಟುಕುವುದೂ ಇಲ್ಲ. ಅದು ಅಳೆಯುತ್ತದೆ, ಅಷ್ಟೇ. ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುವುದನ್ನು ನೋಡಿದ್ದೀರಿ. ಗೋಡೆ ಎತ್ತ ವಾಲಿದರೂ ದಾರ ಭೂಮಿಯ ಕೇಂದ್ರವನ್ನೇ ತೋರಿಸುತ್ತದೆ. ನಿಮ್ಮ ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದರೊಳಗೂ ಇಂಥದೇ ಒಂದು ಗುಂಡು ಇದೆ. ಸಿಲಿಕಾನ್‌ನಿಂದ ಕೊರೆದು ಮಾಡಿದ, ಕಣ್ಣಿಗೆ ಕಾಣದಷ್ಟು ಸಣ್ಣ ತೂಕವೊಂದು ಅಷ್ಟೇ ಸಣ್ಣ ಸ್ಪ್ರಿಂಗ್‌ಗಳಿಗೆ ಅಂಟಿಕೊಂಡಿರುತ್ತದೆ. ಫೋನು ವಾಲಿದಾಗ ಗುರುತ್ವದಿಂದ ಅದು ತುಸು ಜರುಗುತ್ತದೆ. ಜರುಗಿದಾಗ ಪಕ್ಕದ ತಟ್ಟೆಗಳ ನಡುವಿನ ಅಂತರ ಬದಲಾಗಿ, ಅಲ್ಲಿನ ಕೆಪಾಸಿಟರ್‌ನ ಬೆಲೆ ಬದಲಾಗುತ್ತದೆ. ಇದನ್ನು ವೇಗೋತ್ಕರ್ಷಮಾಪಕ ಎನ್ನುತ್ತಾರೆ.

ಇನ್ನು ಉಳಿದದ್ದು ಹತ್ತನೆಯ ತರಗತಿಯ ತ್ರಿಕೋನಮಿತಿ. ಗುರುತ್ವ ವೇಗೋತ್ಕರ್ಷ 9.8 ಮೀ/ಸೆ². ಫೋನನ್ನು ಮೇಜಿನ ಮೇಲೆ ಮಲಗಿಸಿದರೆ ಅದರ ಉದ್ದದ ದಿಕ್ಕಿನಲ್ಲಿ ಸೊನ್ನೆ. ನೆಟ್ಟಗೆ ನಿಲ್ಲಿಸಿದರೆ 9.8. ಒಂದು ತುದಿಯನ್ನು 30 ಡಿಗ್ರಿ ಎತ್ತಿದರೆ ಸೈನ್ 30 ಎಂದರೆ ಅರ್ಧ, ಆದ್ದರಿಂದ 4.9. ಸಂಖ್ಯೆಯಿಂದ ಕೋನಕ್ಕೆ ಹಿಂದಿರುಗಿದರೆ ಆಯಿತು. ಇಂಥ ಒಂದು ಸಂವೇದಕವನ್ನು ತೊಡೆಗೂ ಇನ್ನೊಂದನ್ನು ಕಣಕಾಲಿಗೂ ಕಟ್ಟಿ, ಎರಡು ಕೋನಗಳನ್ನು ಹೋಲಿಸಿದರೆ ಮಂಡಿಯ ಬಾಗು ಸಿಗುತ್ತದೆ. 'ಟ್ಯಾನ್-ಕಾಸ್ ಕಲಿತು ಏನು ಪ್ರಯೋಜನ ಸಾರ್?' ಎಂದು ಕೇಳುವವರಿಗೆ ಇದೊಂದು ಉತ್ತರ.

ಅಳೆಯುವುದರಿಂದ ಏನು ಬಂತು ಎನ್ನಬೇಡಿ. ನೋವಿನಲ್ಲಿರುವವರಿಗೆ ನಿನ್ನೆಗೂ ಇಂದಿಗೂ ವ್ಯತ್ಯಾಸ ತಿಳಿಯುವುದಿಲ್ಲ. 'ಎಷ್ಟು ಮಾಡಿದರೂ ಅಷ್ಟೇ' ಎಂದು ಕೈಬಿಡುತ್ತಾರೆ. ಕಳೆದ ವಾರ 72 ಇದ್ದದ್ದು ಈ ವಾರ 81 ಆಗಿದೆ ಎಂದು ಸಂಖ್ಯೆ ತೋರಿಸಿದರೆ ಮುಖ ಅರಳುತ್ತದೆ. ಏರಬೇಕಾದ್ದು ಏರದೆ ನಿಂತರೆ ವೈದ್ಯರಿಗೆ ಬೇಗ ತಿಳಿಯುತ್ತದೆ.

ಪರದೆಯ ಮೇಲೆ ಫಿಸಿಯೋಥೆರಪಿಸ್ಟ್

ನಗರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ದೂರದ ಹಳ್ಳಿಗೆ ಮರಳಿದವರ ಪಾಡೇನು? ವಾರಕ್ಕೆ ಎರಡು ಮೂರು ಸಲ ಬಸ್ಸು ಹತ್ತಿ ಇಳಿದು ವ್ಯಾಯಾಮಕ್ಕೆ ಹೋಗುವುದೆಂದರೆ, ಬಸ್ಸಿನ ಮೊದಲ ಮೆಟ್ಟಿಲೇ ದೊಡ್ಡ ಪರೀಕ್ಷೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲೂ ದೂರ ಮತ್ತು ಹಿಮ ಇಂಥದೇ ಕಷ್ಟ ತಂದೊಡ್ಡುತ್ತವೆ. ಅಲ್ಲಿ 205 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಗೆ ಫಿಸಿಯೋಥೆರಪಿಸ್ಟ್ ಹೋಗಿಬರುವಂತೆ, ಇನ್ನೊಂದು ಗುಂಪಿನವರಿಗೆ ಅದೇ ಪಾಠ ಪರದೆಯ ಮೂಲಕ ಆಗುವಂತೆ ಏರ್ಪಾಡು ಮಾಡಿದರು. ಎರಡು ತಿಂಗಳಲ್ಲಿ 16 ಪಾಠಗಳು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪರದೆಯ ಗುಂಪು ಯಾವ ರೀತಿಯಲ್ಲೂ ಹಿಂದೆ ಬಿದ್ದಿರಲಿಲ್ಲ.

ಅಮೆರಿಕದಲ್ಲಿ 306 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಮನೆಯಲ್ಲಿಟ್ಟ ಕ್ಯಾಮೆರಾ ರೋಗಿಯ ಚಲನೆಯನ್ನು ಗಮನಿಸುತ್ತಿತ್ತು. ಪರದೆಯ ಮೇಲಿನ ಬೊಂಬೆ ವ್ಯಾಯಾಮ ಮಾಡಿ ತೋರಿಸಿ, ತಪ್ಪಿದರೆ ತಿದ್ದುತ್ತಿತ್ತು. ಆಗಾಗ ನಿಜವಾದ ಫಿಸಿಯೋಥೆರಪಿಸ್ಟ್ ವಿಡಿಯೊದಲ್ಲಿ ಮಾತಾಡುತ್ತಿದ್ದರು. ಮಂಡಿಯ ಸಾಮರ್ಥ್ಯದಲ್ಲಿ ಈ ಗುಂಪು ಸಾಂಪ್ರದಾಯಿಕ ಚಿಕಿತ್ಸೆ ಪಡೆದವರಿಗೆ ಸರಿಸಮನಾಗಿತ್ತು. ಖರ್ಚು ಮಾತ್ರ ಕಡಿಮೆಯಾಯಿತು.

ಪರದೆ ಗೆದ್ದಿತು ಎಂದು ತಪ್ಪು ತಿಳಿಯಬಾರದು. ಎರಡೂ ಗುಂಪುಗಳಲ್ಲಿ ವ್ಯಾಯಾಮ ಮಾಡಿದವರು ರೋಗಿಗಳೇ. ಪಾಠ ಹೇಳುವವರು ಎದುರಿಗಿದ್ದರೂ ಪರದೆಯಲ್ಲಿದ್ದರೂ, ಪಾಠ ಸರಿಯಾಗಿದ್ದು ಕಲಿಯುವವರು ಬಿಡದೆ ಮಾಡಿದರೆ ಫಲ ಒಂದೇ ಎಂಬುದು ಇದರ ಅರ್ಥ. ಹಳ್ಳಿಯ ಮನೆಯಲ್ಲಿ ದುಬಾರಿ ಕ್ಯಾಮೆರಾ ಬೇಕಿಲ್ಲ. ಆಸ್ಪತ್ರೆಯಿಂದ ಹೊರಡುವ ದಿನವೇ 'ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ನೋಡುತ್ತೀರಾ?' ಎಂದು ಅಲ್ಲಿನ ಫಿಸಿಯೋಥೆರಪಿಸ್ಟ್ ಅವರನ್ನು ಕೇಳಿ ಒಪ್ಪಿಸಿಕೊಳ್ಳುವುದು ಅನುಕೂಲ.

ಮನೆಯ ಮಕ್ಕಳಿಗೊಂದು ಕೆಲಸ

ವಿದ್ಯಾರ್ಥಿಗಳೇ, ಈಗ ನಿಮ್ಮ ಸರದಿ. 30 ಸೆಂ.ಮೀ. ಅಡಿಪಟ್ಟಿ, ಒಂದು ಪ್ಲಾಸ್ಟಿಕ್ ಕೋನಮಾಪಕ, ಒಂದು ಗೇಣು ದಾರ, ಒಂದು ಸಣ್ಣ ನಟ್ಟು ತೆಗೆದುಕೊಳ್ಳಿ. ಕೋನಮಾಪಕದ ಕಮಾನು ಕೆಳಗೆ ಬರುವಂತೆ, ಅದರ 90ರ ಗೆರೆ ಅಡಿಪಟ್ಟಿಯ ಉದ್ದಕ್ಕೆ ಸರಿಯಾಗಿ ಹೊಂದುವಂತೆ, ಅಡಿಪಟ್ಟಿಯ ಮೇಲ್ತುದಿಗೆ ಅಂಟಿಸಿ. ಕೋನಮಾಪಕದ ನಡುಬಿಂದುವಿಗೆ ದಾರ ಕಟ್ಟಿ, ಇನ್ನೊಂದು ತುದಿಗೆ ನಟ್ಟು ಬಿಗಿದು ಇಳಿಬಿಡಿ.

ಅಜ್ಜಿಯನ್ನು ಗಟ್ಟಿಯಾದ ಕುರ್ಚಿಯ ಮೇಲೆ ತೊಡೆ ಅಡ್ಡಸಮವಾಗಿರುವಂತೆ ಕೂರಿಸಿ. ಕಣಕಾಲಿನ ಹೊರಬದಿಗೆ ಅಡಿಪಟ್ಟಿಯನ್ನು ಮಂಡಿಯಿಂದ ಪಾದದ ಗಂಟಿನ ನೇರಕ್ಕೆ ಹಿಡಿಯಿರಿ. ಕಣಕಾಲು ನೆಟ್ಟಗಿದ್ದರೆ ದಾರ 90ರ ಮೇಲೆ ನಿಲ್ಲುತ್ತದೆ. ಅದೇ ಮಂಡಿಯ ಬಾಗು. ಈಗ ಹಿಮ್ಮಡಿಯನ್ನು ಕುರ್ಚಿಯ ಅಡಿಗೆ ಆದಷ್ಟು ಎಳೆದುಕೊಳ್ಳಲು ಹೇಳಿ. ಕೋನಮಾಪಕದಲ್ಲಿ ಎರಡು ಸಾಲು ಅಂಕಿಗಳಿವೆಯಷ್ಟೆ? ಹಿಮ್ಮಡಿ ಹಿಂದೆ ಹೋದಂತೆ ಯಾವ ಸಾಲು ಏರುತ್ತದೋ ಅದನ್ನು ಓದಿ. 15 ಡಿಗ್ರಿ ಹಿಂದೆ ಹೋದರೆ 105. ಇನ್ನು ಕಾಲನ್ನು ಮುಂದಕ್ಕೆ ನೇರ ಚಾಚಿದಾಗ ದಾರ ಸೊನ್ನೆಯ ಹತ್ತಿರ ಬರಬೇಕು. ಬಗ್ಗುವುದರಷ್ಟೇ ಮುಖ್ಯ ಪೂರ್ತಿ ನೇರವಾಗುವುದು. ಕಾಲು ನೇರವಾಗದಿದ್ದರೆ ನಡಿಗೆಯಲ್ಲಿ ಕುಂಟು ಉಳಿಯುತ್ತದೆ.

ಅಂಕಿಗಳ ಎದುರಿಗೆ ಕಣ್ಣಿಟ್ಟು ಓದಿ, ಓರೆಯಿಂದ ಓದಿದರೆ ದೋಷ ಬರುತ್ತದೆ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ದಿನವೂ ಒಂದೇ ಹೊತ್ತಿಗೆ, ಒಂದೇ ಕುರ್ಚಿಯಲ್ಲಿ ಅಳೆಯಿರಿ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ದಿನ, ನೆಟ್ಟಗೆ ಡಿಗ್ರಿ ಗುರುತಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿ. ಮೊದಲ ವಾರಗಳಲ್ಲಿ ಗೆರೆ ಬೇಗ ಏರುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದು ದಿನ 3 ಡಿಗ್ರಿ ಇಳಿದರೆ ಗಾಬರಿ ಬೇಡ, ಅದು ಅಳತೆಯ ದೋಷದ ಒಳಗೇ ಇದೆ. ಒಂದು ವಾರವಿಡೀ ಏರದೆ ನಿಂತರೆ ವೈದ್ಯರಿಗೆ ತೋರಿಸಿ. ಅಳೆಯುವಾಗ ಎಂದಿಗೂ ಕಾಲನ್ನು ನೀವು ಒತ್ತಿ ಬಗ್ಗಿಸಬೇಡಿ. ಅಜ್ಜಿ ತಾನಾಗಿ ಬಗ್ಗಿಸಿದಷ್ಟೇ ಲೆಕ್ಕ.

ತಂದೆತಾಯಿಗಳಿಗೆ ಎರಡು ಮಾತು. ವ್ಯಾಯಾಮದ ಪಟ್ಟಿಯನ್ನು ಆಸ್ಪತ್ರೆಯಲ್ಲೇ ಬರೆಸಿಕೊಳ್ಳಿ. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಎಣಿಸುವುದು, ಹಿಮ್ಮಡಿಯನ್ನು ಜಾರಿಸುತ್ತ ಮಡಿಸುವುದು, ಕಾಲನ್ನು ನೇರವಾಗಿ ಎತ್ತುವುದು, ಇವು ಸಾಮಾನ್ಯವಾಗಿ ಎಲ್ಲ ಪಟ್ಟಿಗಳಲ್ಲೂ ಇರುತ್ತವೆ. ನೋವಿನ ಮಾತ್ರೆ ಕೊಟ್ಟ ಸ್ವಲ್ಪ ಹೊತ್ತಿನ ನಂತರ ವ್ಯಾಯಾಮ ಮಾಡಿಸಿದರೆ ಸುಲಭ. ಯಾವಾಗ ಎಂಬುದನ್ನು ವೈದ್ಯರಿಂದ ಕೇಳಿಕೊಳ್ಳಿ. ಮೀನಖಂಡದಲ್ಲಿ ನೋವು, ಬಾವು ಕಂಡರೆ, ಜ್ವರ ಬಂದರೆ, ಗಾಯದಿಂದ ದ್ರವ ಜಿನುಗಿದರೆ ಅಂದೇ ಆಸ್ಪತ್ರೆಗೆ ತಿಳಿಸಿ. ಎದೆನೋವು, ಉಸಿರಾಟದ ತೊಂದರೆ ಬಂದರೆ ಒಂದು ಗಳಿಗೆಯೂ ಕಾಯಬೇಡಿ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು.

ಸೊಂಟದ ಕೀಲು ಬದಲಿಸಿಕೊಂಡವರ ವಿಷಯ ಬೇರೆ. ಅಲ್ಲಿ ಹೆಚ್ಚು ಬಗ್ಗಿಸುವುದೇ ಅಪಾಯ, ಗುಂಡು ಬಟ್ಟಲಿನಿಂದ ಜಾರಬಹುದು. ಯಾವ ಬದಿಯಿಂದ ಶಸ್ತ್ರಚಿಕಿತ್ಸೆ ಮಾಡಿದ್ದಾರೆ ಎಂಬುದರ ಮೇಲೆ ನಿಯಮಗಳು ಬದಲಾಗುತ್ತವೆ. ಮೊದಲ ವಾರಗಳಲ್ಲಿ ಸೊಂಟವನ್ನು 90 ಡಿಗ್ರಿ ಮೀರಿ ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ತಗ್ಗಾದ ಮಣೆಯ ಮೇಲೆ ಕೂರಬಾರದು ಎಂದು ಅನೇಕರಿಗೆ ಹೇಳಿರುತ್ತಾರೆ. ಹೀಗಾಗಿ ಮನೆಯಲ್ಲಿ ಎತ್ತರದ ಕುರ್ಚಿ, ಕಮೋಡ್, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ, ಇವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಸಿದ್ಧಮಾಡಿಕೊಳ್ಳಬೇಕು. ಇವೂ ತಂತ್ರಜ್ಞಾನವೇ. ಮಂಡಿ ಬದಲಿಸಿದವರಿಗೂ ಇವು ಬೇಕಾಗುತ್ತವೆ.

ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಈಗ ಹೇಳಬಹುದು. ಲೋಹವನ್ನು ಕೂರಿಸುವವರು ವೈದ್ಯರು, ದಾರಿ ತೋರುವವರು ಫಿಸಿಯೋಥೆರಪಿಸ್ಟ್, ಅಳೆದು ಹೇಳುವುದು ಯಂತ್ರ. ಹೊಸ ಮಂಡಿಯನ್ನು ಬಗ್ಗಿಸುವವರು ಅದರ ಒಡೆಯರೇ, ತಮ್ಮ ಹಳೆಯ ಸ್ನಾಯುವಿನ ಬಲದಿಂದ, ದಿನಕ್ಕೆ ಮೂರು ನಾಲ್ಕು ಸಲ, ನೋವು ನುಂಗಿಕೊಂಡು. ಯಂತ್ರ ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದು ರೋಗಿಯ ಬದಲು ಕೆಲಸ ಮಾಡುತ್ತದೆಯೋ, ರೋಗಿಯಿಂದ ಕೆಲಸ ಮಾಡಿಸುತ್ತದೆಯೋ? ಉತ್ತರ ಸಿಗುವವರೆಗೆ ಅಡಿಪಟ್ಟಿ, ದಾರ, ನಟ್ಟು ಸಾಕು. ಹತ್ತಿರ ಕುಳಿತು 'ಇನ್ನೊಂದು ಸಲ ಅಜ್ಜಿ, ಒಂಬತ್ತಾಯಿತು, ಹತ್ತು' ಎಂದು ಎಣಿಸುವ ಒಬ್ಬ ಮೊಮ್ಮಗನೋ ಮೊಮ್ಮಗಳೋ ಇದ್ದರೆ ಇನ್ನೂ ಒಳ್ಳೆಯದು.